ಐನ್‌ಮನೆಯ ಕತ್ತಿಗೆ ತುಕ್ಕು ಹಿಡಿದಿದೆಯೇ?

ಕೊಡಗಿನಲ್ಲಿ ಸೆಪ್ಟೆಂಬರ್ 3ರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಹತ್ತಿರವಾದಂತೆ ಮನೆಮನೆಯಲ್ಲೂ, ಕುಲದ ಮೂಲಮನೆಯಾದ ಐನ್‌ಮನೆಯಲ್ಲೂ ಆಯುಧಗಳು ಹೊರಬರುತ್ತವೆ. ಮೂರು ತಿಂಗಳು ಬಿಡದೆ ಸುರಿದ ಮಳೆ, ಮಂಜು ಹಿಡಿದ ಕೋಣೆ, ಮುಚ್ಚಿಟ್ಟ ಪೆಟ್ಟಿಗೆ. ತೆರೆದು ನೋಡಿದರೆ ಒಡಿಕತ್ತಿಯೆಂಬ ಅಗಲ ಬಾಗುಕತ್ತಿಯ ಅಲಗಿನ ಮೇಲೆ ಕೆಂಪು ಪುಡಿ, ಪೀಚೆಕತ್ತಿಯೆಂಬ ಸೊಂಟದ ಚೂರಿಯ ಬೆಳ್ಳಿಯೆಲ್ಲ ಕಪ್ಪು. ಆಗ ಬಹುತೇಕರು ಮಾಡುವುದು ಎರಡರಲ್ಲಿ ಒಂದು: ಉಜ್ಜುಕಾಗದ ಹಿಡಿದು ಕನ್ನಡಿಯಂತೆ ಹೊಳೆಯುವವರೆಗೆ ತಿಕ್ಕುವುದು, ಇಲ್ಲವೇ ಪೇಟೆಯ ಸಾಣೆಯವನ ಕೈಗೆ ಕೊಡುವುದು. ಎರಡೂ ಬೇಡ. ಹಳೆಯ ಕತ್ತಿಯನ್ನು ಹೊಸದಾಗಿಸುವುದು ನಮ್ಮ ಕೆಲಸವಲ್ಲ, ತುಕ್ಕನ್ನು ಅಲ್ಲಿಗೇ ನಿಲ್ಲಿಸುವುದಷ್ಟೇ ನಮ್ಮ ಕೆಲಸ.

ಮೊದಲು ಬೆಳಕಿಗೆ ಹಿಡಿದು ನೋಡಿ. ಕಿತ್ತಳೆ ಅಥವಾ ಕೆಂಪು ಬಣ್ಣದ, ಬೆರಳಿಗೆ ಅಂಟುವ ಪುಡಿ ಇದ್ದರೆ ಅದು ಜೀವಂತ ತುಕ್ಕು, ದಿನದಿನಕ್ಕೂ ಉಕ್ಕನ್ನು ತಿನ್ನುತ್ತಿರುತ್ತದೆ. ಕಂದುಗಪ್ಪಾಗಿ, ನುಣುಪಾಗಿ, ಬಟ್ಟೆಗೆ ಹತ್ತದೆ ಕುಳಿತಿರುವ ಪದರ ಬೇರೆಯದು. ಅದು ಹಲವು ದಶಕಗಳ ಕೈಬಳಕೆ ಮತ್ತು ಎಣ್ಣೆಯಿಂದ ನಿಂತಿರುವ ಬಣ್ಣ, ಕೆಳಗಿನ ಉಕ್ಕಿಗೆ ಒಂದಿಷ್ಟು ಕಾವಲು ಕೂಡ. ಕೆಂಪನ್ನು ತೆಗೆಯಬೇಕು, ಕಪ್ಪನ್ನು ಉಳಿಸಬೇಕು. ಕಮ್ಮಾರನ ಸುತ್ತಿಗೆ ಏಟಿನ ಗುರುತು ಉಳಿಯುವುದು ಈ ಕಪ್ಪು ಪದರದಲ್ಲೇ. ಒಮ್ಮೆ ಉಜ್ಜಿ ಹಾಕಿದರೆ ಅದನ್ನು ಯಾರೂ ಮರಳಿ ತರಲಾರರು.

ಈಗ ಕೆಲಸಕ್ಕೆ. ದಪ್ಪ ಹತ್ತಿಯ ಕೈಗವಸು ಹಾಕಿಕೊಳ್ಳಿ. ಒಡಿಕತ್ತಿಯ ಹರಿತವಿರುವುದು ಬಾಗಿದ ಒಳಬದಿಯಲ್ಲಿ, ಹಾಗಾಗಿ ಅಭ್ಯಾಸವಿಲ್ಲದವರು ತಪ್ಪು ಕಡೆಯಿಂದ ಹಿಡಿಯುವುದು ಸುಲಭ. ಅಲಗನ್ನು ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ ಮಲಗಿಸಿ, ಒರೆಸುವಾಗ ಕೈ ಯಾವಾಗಲೂ ಬೆನ್ನಿನ ಕಡೆಯಿಂದಲೇ ಹೋಗಲಿ. ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆಯನ್ನು ತುಕ್ಕಿನ ಮೇಲೆ ಸವರಿ ಒಂದು ರಾತ್ರಿ ಬಿಡಿ. ಮರುದಿನ ಒರಟು ಹತ್ತಿ ಬಟ್ಟೆಯಿಂದ ಒರೆಸಿದರೆ ಅರ್ಧ ತುಕ್ಕು ಬಟ್ಟೆಗೇ ಬರುತ್ತದೆ.

ಉಳಿದ ಗಂಟುಗಳಿಗೆ ಹಳೆಯ ತಾಮ್ರದ ನಾಣ್ಯಕ್ಕಿಂತ ಒಳ್ಳೆಯ ಉಪಕರಣವನ್ನು ನಾನು ಕಂಡಿಲ್ಲ. ತಾಮ್ರ ಉಕ್ಕಿಗಿಂತ ಮೆದು. ನಾಣ್ಯದ ಅಂಚನ್ನು ಓರೆಯಾಗಿ ಹಿಡಿದು, ಎಣ್ಣೆಯ ಹನಿ ಬಿಟ್ಟು ಮೆಲ್ಲನೆ ತಳ್ಳಿದರೆ ತುಕ್ಕಿನ ಹಕ್ಕಳೆ ಏಳುತ್ತದೆ, ಅಲಗಿಗೆ ಗೀರು ಬೀಳುವುದಿಲ್ಲ. ಕೆಲವೊಮ್ಮೆ ತಾಮ್ರದ ಕೆಂಪು ಗೆರೆ ಅಲಗಿಗೆ ಹತ್ತಿಕೊಳ್ಳುತ್ತದೆ. ಎಣ್ಣೆಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ತುಕ್ಕು ತಿಂದ ಸಣ್ಣ ಗುಳಿಗಳಲ್ಲಿ ಕಪ್ಪು ಚುಕ್ಕೆ ಉಳಿದರೆ ಉಳಿಯಲಿ. ಅದನ್ನು ಅಳಿಸಲು ಹೊರಟರೆ ಸುತ್ತಲಿನ ಒಳ್ಳೆಯ ಉಕ್ಕನ್ನೆಲ್ಲ ಆ ಗುಳಿಯ ಮಟ್ಟಕ್ಕೆ ಇಳಿಸಬೇಕಾಗುತ್ತದೆ.

ಹುಣಸೆಹಣ್ಣು, ನಿಂಬೆ, ವಿನೆಗರ್ ಅಲಗಿನ ಹತ್ತಿರವೂ ಬರಬಾರದು. ಹುಳಿ ತುಕ್ಕನ್ನು ಕರಗಿಸಿ ಅಷ್ಟಕ್ಕೇ ಸುಮ್ಮನಾಗುವುದಿಲ್ಲ, ಉಕ್ಕನ್ನೂ ಕಚ್ಚಿ ಮಂಕು ಬೂದುಬಣ್ಣ ಮಾಡಿಬಿಡುತ್ತದೆ. ವಿದ್ಯುತ್ ಸಾಣೆಯ ಅಪಾಯ ಇನ್ನೂ ದೊಡ್ಡದು. ತಿರುಗುವ ಕಲ್ಲಿಗೆ ತಾಗಿದ ತೆಳು ಅಂಚು ಕ್ಷಣದಲ್ಲಿ ಕಾಯುತ್ತದೆ. ಅಂಚು ನೀಲಿಗೆ ತಿರುಗಿತೆಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗಿದೆ ಎಂದರ್ಥ, ಕಮ್ಮಾರ ಕೊಟ್ಟ ಹದ ಅಲ್ಲಿ ಮುಗಿಯಿತು. ಪೂಜೆಗಿಡುವ ಕತ್ತಿಗೆ ಹರಿತ ಬೇಕಾಗಿಯೂ ಇಲ್ಲ.

ಪೀಚೆಕತ್ತಿಯದು ನಾಜೂಕಿನ ಕೆಲಸ. ಕುಪ್ಯ ಎಂಬ ನಿಲುವಂಗಿಯ ಮೇಲೆ ಚೇಲೆ ಎಂಬ ಸೊಂಟಪಟ್ಟಿ ಬಿಗಿದು ಮುಂದೆ ಸಿಕ್ಕಿಸುವ ಈ ಚೂರಿಯಲ್ಲಿ ಉಕ್ಕು, ಬೆಳ್ಳಿ, ಮರ ಎಲ್ಲವೂ ಒಟ್ಟಿಗಿರುತ್ತವೆ. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಆಗುವುದಿಲ್ಲ. ಬೆಳ್ಳಿಗೆ ನುಣ್ಣನೆಯ ಸೀಮೆಸುಣ್ಣದ ಪುಡಿಯನ್ನು ಒಂದೆರಡು ಹನಿ ನೀರಿನಲ್ಲಿ ಕಲಸಿ, ಹತ್ತಿಯಿಂದ ಉಬ್ಬುಭಾಗವನ್ನಷ್ಟೇ ಒರೆಸಿ. ಕೆತ್ತನೆಯ ತಗ್ಗಿನಲ್ಲಿರುವ ಕಪ್ಪನ್ನು ಮುಟ್ಟಬೇಡಿ, ಬಳ್ಳಿ ಮತ್ತು ಹೂವಿನ ಚಿತ್ತಾರ ಎದ್ದು ಕಾಣುವುದು ಅದರಿಂದಲೇ. ಸೋಡಾ ಮತ್ತು ಅಲ್ಯೂಮಿನಿಯಂ ಹಾಳೆ ಹಾಕಿದ ಬಿಸಿನೀರಿನಲ್ಲಿ ಮುಳುಗಿಸುವ ಉಪಾಯ ಈಗ ಎಲ್ಲರ ಮೊಬೈಲ್‌ನಲ್ಲೂ ಓಡಾಡುತ್ತಿದೆ. ಚಮಚಕ್ಕೆ ಅದು ಸರಿ. ಹಳೆಯ ಹಿಡಿಗಳ ಒಳಗೆ ಅರಗು ತುಂಬಿ ಅಲಗನ್ನು ಕೂರಿಸಿರುವುದುಂಟು; ಬಿಸಿನೀರಿಗೆ ಅರಗು ಮೆದುವಾಗಿ ಹಿಡಿ ಸಡಿಲಾಗುತ್ತದೆ, ಬೆಳ್ಳಿ ತಗಡಿನ ಕೆಳಗಿನ ಮರ ನೀರು ಕುಡಿದು ಉಬ್ಬುತ್ತದೆ. ಒರೆಯಿಂದ ತೂಗುವ ಸರಪಳಿ, ಅದರ ತುದಿಯ ಪುಟ್ಟ ಚಿಮಟಗಳನ್ನು ಒಣ ಬ್ರಷ್‌ನಿಂದ ಉಜ್ಜಿದರೆ ಸಾಕು. ಹಿಡಿಯಲ್ಲಿ ದಂತವಿದ್ದರೆ ಒಣ ಬಟ್ಟೆಯ ಹೊರತು ಏನೂ ಬೇಡ.

ಒಡಿಕತ್ತಿಯನ್ನು ಬೆನ್ನ ಹಿಂದೆ ಸಿಕ್ಕಿಸುವ ತೋಡಂಗ್ ಹಿತ್ತಾಳೆಯದಾದರೆ ಅದನ್ನೂ ಸೀಮೆಸುಣ್ಣದಿಂದಲೇ ಒರೆಸಿ.

ಮನೆಯಲ್ಲಿ ಹಳೆಯ ಕೋವಿಯೂ ಇದ್ದರೆ? ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿದೆ. ಹಾಗೆಂದು ಮನೆಯಲ್ಲೇ ಕೋವಿ ರಿಪೇರಿಗೆ ಕೂರುವಂತಿಲ್ಲ. ಸವೆದ ಕುದುರೆ, ತುಕ್ಕು ತಿಂದ ನಳಿಗೆಯ ಕೋವಿ ಹಾರಿಸಿದವರ ಮುಖಕ್ಕೇ ಸಿಡಿಯಬಲ್ಲದು. ಒಳಗೆ ಮದ್ದು ಉಳಿದಿದೆಯೇ ಎಂಬುದನ್ನೂ ಪರವಾನಗಿ ಪಡೆದ ಕೋವಿ ಕೆಲಸದವರೇ ನೋಡಬೇಕು. ಅವರು ಖಾಲಿ ಎಂದ ಮೇಲೆ ಹೊರಮೈಗೆ ಎಣ್ಣೆಬಟ್ಟೆ ಆಡಿಸಬಹುದು, ಅಷ್ಟೇ.

ಕೊನೆಗೆ ಕಾಪು. ತೆಂಗಿನೆಣ್ಣೆ ಹಚ್ಚುವ ರೂಢಿ ಹಳೆಯದು, ಆದರೆ ಅದು ಕಾಲಕ್ರಮೇಣ ಕಮಟು ಹತ್ತಿ ಹುಳಿಯಾಗುತ್ತದೆ; ಅಗಸೆ ಎಣ್ಣೆ ಒಣಗಿ ಅಂಟಾಗುತ್ತದೆ. ಯಂತ್ರದ ಎಣ್ಣೆಯ ತೆಳು ಪದರವೇ ಮೇಲು. ಬೆರಳಲ್ಲಿ ಮುಟ್ಟಿದರೆ ತಿಳಿಯಬೇಕು, ಕಣ್ಣಿಗೆ ಒದ್ದೆಯೆನಿಸಬಾರದು. ಕತ್ತಿಯನ್ನು ವರ್ಷವಿಡೀ ಒರೆಯೊಳಗೇ ಬಿಡಬೇಡಿ, ಮರ ಮತ್ತು ತೊಗಲು ಮಳೆಗಾಲದ ತೇವವನ್ನು ಹೀರಿ ಅಲಗಿಗೆ ಉಣಿಸುತ್ತವೆ. ಒರೆಯನ್ನು ಬೇರೆ, ಅಲಗನ್ನು ಒಣ ಹತ್ತಿಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ.

ಹಬ್ಬದ ದಿನವೂ ಒಂದು ಎಚ್ಚರ ಬೇಕು. ಗಂಧ, ಕುಂಕುಮ ಎರಡೂ ಒದ್ದೆ. ಪೂಜೆಗಿಡುವ ತೋಕ್ ಪೂವಿನ, ಅಂದರೆ ಅಗ್ನಿಶಿಖೆ ಹೂವಿನ, ಎಸಳಿನಲ್ಲೂ ನೀರಿದೆ. ಅವು ಅಲಗಿನ ಮೇಲೆ ಒಂದು ರಾತ್ರಿ ಕುಳಿತರೆ ಬೆಳಿಗ್ಗೆ ಅದೇ ಆಕಾರದಲ್ಲಿ ತುಕ್ಕು ಮೂಡಿರುತ್ತದೆ. ಗಂಧವನ್ನು ಹಿಡಿಯ ಬುಡಕ್ಕೆ ಹಚ್ಚಿ, ಹೂವನ್ನು ಪಕ್ಕದಲ್ಲಿಡಿ. ಹೂವು ತೆಗೆದ ಮೇಲೆ ಕೈ ತೊಳೆದುಕೊಳ್ಳಿ, ಆ ಗಿಡ ಬೇರಿನಿಂದ ಎಸಳಿನವರೆಗೂ ವಿಷ. ಬಂದ ನೆಂಟರೆಲ್ಲ ಕತ್ತಿ ಹಿಡಿದು ನೋಡುತ್ತಾರೆ, ನೋಡಲಿ. ಕೈಬೆವರಿನ ಉಪ್ಪು ಅಲಗಿನ ಮೇಲೆ ಬೆರಳಚ್ಚಾಗಿ ಉಳಿದಿರುತ್ತದೆ, ಆದ್ದರಿಂದ ಒಳಗಿಡುವ ಮುನ್ನ ಇನ್ನೊಮ್ಮೆ ಒರೆಸಿ ಎಣ್ಣೆ ಸವರಿ.