ಮೊಣಕೈ ವೇನ್‌ನಲ್ಲೇ ನಾರ್‌ಅಡ್ರಿನಲಿನ್: ಶಿರಾ ಕಡೆಯ ನನ್ನ ಅನುಭವ

"ಸೆಂಟ್ರಲ್ ಲೈನ್ ಇಲ್ಲದೆ ನಾರ್‌ಅಡ್ರಿನಲಿನ್ ಹಾಕ್ತೀರಾ? ಕೈ ಕಪ್ಪಾಗಿ ಹೋಗುತ್ತೆ" ಅಂತ ಬೆಂಗಳೂರಿನ ಐಸಿಯು ಗೆಳೆಯರು ಫೋನಿನಲ್ಲೇ ಬೈದಿದ್ದರು. ನಾರ್‌ಅಡ್ರಿನಲಿನ್ ಅಂದರೆ ರಕ್ತನಾಳ ಬಿಗಿಸಿ ಬಿಪಿ ಏರಿಸುವ ಔಷಧಿ; ಸೆಂಟ್ರಲ್ ಲೈನ್ ಅಂದರೆ ಕತ್ತು ಅಥವಾ ಎದೆಯ ದೊಡ್ಡ ವೇನ್‌ಗೆ ಹಾಕುವ ಕೊಳವೆ. ಕೈಯ ವೇನ್‌ನಿಂದ ಔಷಧಿ ಸೋರಿದರೆ ಚರ್ಮ ಸಾಯುತ್ತೆ ಅನ್ನೋದು ಅವರ ಭಯ. ಈಗ ಅವರೇ "ಶುರು ಮಾಡಿಯೇ ಕಳಿಸಿ" ಅನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹೆದ್ದಾರಿ ಪಕ್ಕ ನಮ್ಮದು ಚಿಕ್ಕ ನರ್ಸಿಂಗ್ ಹೋಂ. ತುಮಕೂರು ಸುಮಾರು 50 ಕಿಲೋಮೀಟರ್, ಬೆಂಗಳೂರು 120. ಮೊದಲೆಲ್ಲ ಬಿಪಿ ಬಿದ್ದವರಿಗೆ ಸಲೈನ್ ಮೇಲೆ ಸಲೈನ್ ಸುರಿದು, ಬಿಪಿ ಏರಿಸುವ ಇನ್ನೊಂದು ಔಷಧಿ ಡೋಪಮೈನ್ ಹಚ್ಚಿ ಕಳಿಸುತ್ತಿದ್ದೆವು. ದಾಬಸ್‌ಪೇಟೆ ದಾಟುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು, ಇಲ್ಲವೇ ಹಾರ್ಟ್ ರೇಟ್ 150 ಆಗುತ್ತಿತ್ತು.

ನಾರ್‌ಅಡ್ರಿನಲಿನ್ ಎಲ್ಲ ಶಾಕ್‌ಗೂ (ಬಿಪಿ ಬಿದ್ದು ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿಗೂ) ಅಲ್ಲ, ನಿಮಗೆ ಗೊತ್ತೇ ಇದೆ. ತೆಂಗಿನ ಮರದಿಂದ ಬಿದ್ದವನಿಗೆ ರಕ್ತ ಬೇಕು, ಸರ್ಜನ್ ಬೇಕು. ಹೆಜ್ಜೇನು ಕಡಿದು ಕುಸಿದವನಿಗೆ ತೊಡೆಗೆ ಅರ್ಧ ಮಿಲಿ ಅಡ್ರಿನಲಿನ್, ಏಳದಿದ್ದರೆ 5 ನಿಮಿಷಕ್ಕೆ ಮತ್ತೊಂದು. ಸುಮ್ನೆ ಅಲರ್ಜಿಯ ಅವಿಲ್ ಹುಡುಕುತ್ತಾ ಕೂರಬೇಡಿ. ನಾನು ಹೇಳುತ್ತಿರುವುದು ಸೆಪ್ಸಿಸ್‌ನವರ, ಅಂದರೆ ಸೋಂಕು ಮೈಗೆಲ್ಲ ಏರಿ ಬಿಪಿ ಬಿದ್ದವರ ವಿಷಯ.

ಒಬ್ಬ ಅಜ್ಜಿ. ಶುಗರ್ ಇದೆ, ಉರಿಮೂತ್ರ, ಜ್ವರ. ಬಿಪಿ 70ರ ಆಸುಪಾಸು. ಪಾದದಿಂದ ಮೊಣಕಾಲಿನವರೆಗೂ ತಣ್ಣಗೆ. ತೋರುಬೆರಳಿನ ತುದಿಗೆ ಲ್ಯಾಬಿನ ಗಾಜಿನ ಸ್ಲೈಡ್ ಒತ್ತಿ, 10 ಎಣಿಸಿ ಬಿಟ್ಟೆ. ಬಣ್ಣ ಮರಳಲು 6 ಸೆಕೆಂಡು ಹಿಡಿಯಿತು. 3 ದಾಟಿದರೆ ರಕ್ತ ಸರಿಯಾಗಿ ತಲುಪುತ್ತಿಲ್ಲ ಅನ್ನೋಕೆ ನನಗೆ ಸಾಕು. 2019ರ ಆಂಡ್ರೊಮೆಡಾ-ಶಾಕ್ ಅಧ್ಯಯನದಲ್ಲಿ ಹೀಗೇ ನೋಡಿದ್ದರು. ಶಾಕ್ ಎಷ್ಟು ಜೋರಿದೆ ಅಂತ ರಕ್ತದಲ್ಲೇ ತೋರಿಸುವ ಲ್ಯಾಕ್ಟೇಟ್ ಮೆಷಿನ್ ಇಲ್ಲದ ನಮಗೆ ಇದೇ ದೇವರು. ಆಂಟಿಬಯೋಟಿಕ್ ಹೋಯಿತು, ಒಂದು ಲೀಟರ್ ಆರ್‌ಎಲ್ (ಸಲೈನ್‌ನಂಥದ್ದೇ ಡ್ರಿಪ್) ಹೋಯಿತು, ಬಿಪಿ ಅಲ್ಲಾಡಲಿಲ್ಲ. ಎರಡನೇ ಲೀಟರ್ ಓಡುತ್ತಿರುವಾಗಲೇ ಮೊಣಕೈ ಮಡಿಕೆಯಲ್ಲಿ ಹಸಿರು ಕ್ಯಾನುಲಾ, 500 ಮಿಲಿ ಡೆಕ್ಸ್‌ಟ್ರೋಸ್‌ಗೆ 4 ಮಿಲಿಗ್ರಾಂ ನಾರ್‌ಅಡ್ರಿನಲಿನ್. ಮೈಕ್ರೋಡ್ರಿಪ್‌ನಲ್ಲಿ (ಒಂದು ಮಿಲಿಗೆ 60 ಸಣ್ಣ ಹನಿ ಬೀಳುವ ಸೆಟ್) ನಿಮಿಷಕ್ಕೆ 45 ಹನಿ ಬಿಟ್ಟರೆ 60 ಕೆಜಿಯವರಿಗೆ ಕೆಜಿಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂ ಲೆಕ್ಕ. ಅರ್ಧ ಗಂಟೆಯೊಳಗೆ ಮೀನ್ ಪ್ರೆಷರ್ (ಸರಾಸರಿ ಬಿಪಿ) 65 ದಾಟಿತು. ಅಜ್ಜಿ ಕಣ್ಣು ಬಿಟ್ಟು ಮೊದಲು ಕೇಳಿದ್ದು ಎಲೆಅಡಿಕೆ ಚೀಲ.

ಅಂಗೈ ಹಿಂಬದಿಯ ಸಣ್ಣ ವೇನ್ ಮಾತ್ರ ಬೇಡ. ಒಬ್ಬರಿಗೆ ಅಲ್ಲಿ ಸೋರಿ ಚರ್ಮ ಸುಣ್ಣದ ಹಾಗೆ ಬೆಳ್ಳಗಾಯಿತು. ಇದಕ್ಕೆ ಮದ್ದಾದ ಫೆಂಟೋಲಮೈನ್ ನಮ್ಮ ಕಡೆ ಎಲ್ಲಿ ಸಿಗುತ್ತೆ? ರಕ್ತನಾಳ ಸಡಿಲಿಸುವ, ಆಸ್ತಮಾದ ಔಷಧಿ ಟರ್ಬ್ಯುಟಲೀನ್ ಸುತ್ತಲೂ ಚುಚ್ಚಿ ಕಾದೆವು, ಚರ್ಮ ಉಳಿಯಿತು. ಆಮೇಲಿಂದ ಪ್ರತಿ 15 ನಿಮಿಷಕ್ಕೆ ಸಿಸ್ಟರ್ ಆ ಜಾಗ ಮುಟ್ಟಿ ನೋಡಿ ಚಾರ್ಟ್‌ನಲ್ಲಿ ಬರೆಯಲೇಬೇಕು. ಬಿಪಿ ಕಫ್ ಇನ್ನೊಂದು ಕೈಗೆ.

ಔಷಧಿಯನ್ನು ಅಳೆದು ತಾನೇ ತಳ್ಳುವ ಸಿರಿಂಜ್ ಪಂಪ್ ತಗೊಳ್ಳಿ ಅಂದರು. ಸೆಕೆಂಡ್ ಹ್ಯಾಂಡ್ ಒಂದು ತಂದೆ, ಹದಿನೈದು ಸಾವಿರದ ಹತ್ತಿರ ಕೊಟ್ಟ ನೆನಪು. ಬ್ಯಾಟರಿ ಸತ್ತಿತ್ತು. ಕರೆಂಟ್ ಹೋದರೆ ಬಿಪಿಯೂ ಹೋಗುತ್ತಿತ್ತು. ದುಡ್ಡು ದಂಡ, ಮತ್ತೆ ಮೈಕ್ರೋಡ್ರಿಪ್‌ಗೇ ಬಂದೆವು. ಅದರದ್ದೂ ಒಂದು ತಕರಾರು ಇದೆ: ಆಂಬುಲೆನ್ಸ್ ಹಂಪ್ ಹಾರಿದರೆ ರೋಲರ್ ಸಡಿಲವಾಗಿ ಹನಿ ಓಡುತ್ತೆ. ಜೊತೆಗೆ ಸಿಸ್ಟರ್ ಕೂತು ಹನಿ ಎಣಿಸಲೇಬೇಕು. ಇದಲ್ಲದೆ ನನ್ನದೊಂದು ಉಪಾಯವೂ ಇದೆ, ಇಲ್ಲಿ ಹೇಳಲ್ಲ. ಬಂದು ನೋಡಿ, ಟೀ ಕೊಡಿಸುತ್ತೇನೆ.

ಖರ್ಚು? ಔಷಧಿ, ಡ್ರಿಪ್ ಸೆಟ್ ಸೇರಿ ಕೆಲವು ನೂರು ರೂಪಾಯಿ. ಸೆಂಟ್ರಲ್ ಲೈನ್ ಕಿಟ್ ಒಂದಕ್ಕೇ ಎರಡು ಮೂರು ಸಾವಿರ. ಹಾಕೋಕೆ ಅನಸ್ತೇಷಿಯಾದವರು ತುಮಕೂರಿಂದ ಬರಬೇಕು, ಅಷ್ಟು ಹೊತ್ತು ರೋಗಿ ಕಾಯಬೇಕು, ಅಲ್ವಾ?

ಹಾರ್ಟ್ ಹೇಗೆ ಹಿಂಡುತ್ತಿದೆ ಅಂತ ನೋಡಲು ಪುಟ್ಟ ಅಲ್ಟ್ರಾಸೌಂಡ್ ತರುವ ಆಸೆ. ಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ನೋಂದಣಿ ಇಲ್ಲದೆ ಅದನ್ನು ಮಾರುವಂತಿಲ್ಲ, ಅರ್ಜಿ ಹಾಕಿದ್ದೇನೆ. ಅಲ್ಲಿಯವರೆಗೆ ಕತ್ತಿನ ವೇನ್ ನೋಡುತ್ತೇನೆ, ಶ್ವಾಸಕೋಶದ ತಳದಲ್ಲಿ ಸ್ಟೆತ್ ಇಡುತ್ತೇನೆ, ಕಾಲು ಎತ್ತಿಸುತ್ತೇನೆ. ಒಂದು ನಿಮಿಷದಲ್ಲಿ ಪಲ್ಸ್ ಪ್ರೆಷರ್ (ಮೇಲಿನ, ಕೆಳಗಿನ ಬಿಪಿಯ ಅಂತರ) ಏರಿದರೆ ಇನ್ನೊಂದು 250 ಮಿಲಿ ಸಲೈನ್. ಏರದಿದ್ದರೆ ಸಲೈನ್ ನಿಲ್ಲಿಸಿ ನಾರ್‌ಅಡ್ರಿನಲಿನ್ ಹನಿ ಜಾಸ್ತಿ ಮಾಡುತ್ತೇನೆ.