ಮಳೆಗಾಲದಲ್ಲಿ ಪುಟ್ಟ ಮಕ್ಕಳಿಗೆ ಮಾಸ್ಕ್: ಯಾರಿಗೆ, ಹೇಗೆ?

ಮೊದಲು ಮಗುವಿನ ವಯಸ್ಸನ್ನು ನೋಡಬೇಕು. 5 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮಾಸ್ಕ್ ಕಡ್ಡಾಯ ಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರ ಆಗಸ್ಟ್‌ನಲ್ಲಿ ಸಲಹೆ ನೀಡಿದವು. ಕೇಂದ್ರ ಸರ್ಕಾರದ 2022ರ ಜನವರಿಯ ಮಾರ್ಗಸೂಚಿಯೂ ಇದನ್ನೇ ಹೇಳಿ, 6ರಿಂದ 11 ವರ್ಷದವರು ಸರಿಯಾಗಿ ಬಳಸಬಲ್ಲವರಾದರೆ ಹೆತ್ತವರ ಕಣ್ಗಾವಲಿನಲ್ಲಿ ಧರಿಸಬಹುದೆಂದಿತು. ಎರಡು ವರ್ಷದೊಳಗಿನ ಕೂಸಿಗಂತೂ ಕಟ್ಟಲೇಬಾರದು, ಏಕೆಂದರೆ ಉಸಿರಿಗೆ ತೊಂದರೆಯಾದಾಗ ಅದನ್ನು ಕಿತ್ತುಹಾಕಲು ಕೂಸಿಗೆ ಬಾರದು. ಅಂಗನವಾಡಿಯ ಮಗುವನ್ನೂ ಬಲವಂತಪಡಿಸುವುದು ಸರಿಯಲ್ಲವೆಂಬುದೇ ನನ್ನ ನಿಲುವು. ಮನೆಯಲ್ಲಿ ಕೆಮ್ಮುತ್ತಿರುವ ದೊಡ್ಡವರು ತಾವು ಧರಿಸಲಿ.

ಶಾಲೆಗೆ ಹೋಗುವ ಮಗುವಿಗೆ ಮಾಸ್ಕ್ ಹಾಕಿಸುವುದಾದರೆ, ತೀರ್ಥಹಳ್ಳಿ, ಹೊಸನಗರದ ಕಡೆಯವರು ಮೊದಲು ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜುಲೈ ತಿಂಗಳಲ್ಲಿ ಕೊಡೆ ಹಿಡಿದು ಬಸ್ಸಿನವರೆಗೆ ನಡೆಯುವಷ್ಟರಲ್ಲೇ ಬಟ್ಟೆಯ ಮಾಸ್ಕ್ ತೊಯ್ದು ಮೂಗಿಗೆ ಅಂಟಿಕೊಳ್ಳುತ್ತದೆ, ಮತ್ತು ತೊಯ್ದ ಬಟ್ಟೆಯಲ್ಲಿ ಉಸಿರಾಟ ಕಷ್ಟವಾಗುತ್ತದೆ. ಆದ್ದರಿಂದ ದಾರಿಯಲ್ಲಿ ಬೇಡ. ಬಸ್ ಹತ್ತಿದ ಮೇಲೆ ಹಾಕಿಕೊಳ್ಳಲಿ. ಚೀಲದಲ್ಲಿ ಎರಡು ಒಣ ಮಾಸ್ಕ್‌ಗಳನ್ನೂ, ಒದ್ದೆಯಾದದ್ದನ್ನು ಇಡಲು ಬೇರೊಂದು ಪ್ಲಾಸ್ಟಿಕ್ ಕೊಟ್ಟೆಯನ್ನೂ ಇಡಿ. ಸೋಪಿನಲ್ಲಿ ಒಗೆದ ಮಾಸ್ಕನ್ನು ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಬೇಡಿ: ಹೊಗೆಯ ವಾಸನೆ ಹಿಡಿದರೆ ಮಗು ಅದನ್ನು ಮುಟ್ಟುವುದೂ ಇಲ್ಲ (ನಮ್ಮ ಮನೆಯಲ್ಲಿ ಆದದ್ದು ಇದೇ). ಫ್ಯಾನಿನ ಕೆಳಗೆ ಹರವಿ, ತೇವ ಉಳಿದಿದ್ದರೆ ಇಸ್ತ್ರಿ ಹಾಕಿ.

ಊಟ, ನಿದ್ದೆ, ಓಡುವ ಆಟಗಳ ಹೊತ್ತಿನಲ್ಲಿ ತೆಗೆಸಿಬಿಡಿ. ಉಬ್ಬಸವಿರುವ ಮಗುವಾದರೆ ವೈದ್ಯರನ್ನು ಕೇಳದೆ ಹಾಕಿಸಬೇಡಿ.