ಮರುಪ್ರಶ್ನೆಯ ತಯಾರಿ

ವಾರಕ್ಕೊಮ್ಮೆ ಬರುವ ರಾಜಕೀಯ ಸಂದರ್ಶನಕ್ಕೆ ಅರ್ಧ ಗಂಟೆ ಕೊಟ್ಟರೂ ಜಾಹೀರಾತು, ಟೈಟಲ್ ಕಳೆದು ಕೈಗೆ ಸಿಗುವುದು ಸುಮಾರು 22 ನಿಮಿಷ. ನಾನು ಎರಡೇ ವಿಷಯ ಇಟ್ಟುಕೊಳ್ಳುತ್ತೇನೆ. ಐದು ವಿಷಯ ತುರುಕಿದರೆ ಅತಿಥಿಗೆ ಅನುಕೂಲ: ಒಂದೊಂದಕ್ಕೂ ಬಾಯಿಪಾಠದ ಮಾತು ಒಪ್ಪಿಸುವಷ್ಟರಲ್ಲಿ ಬ್ರೇಕ್ ಬಂದುಬಿಡುತ್ತದೆ.

ಪ್ರಶ್ನೆ ಬರೆಯಲು ಒಂದು ಗಂಟೆ ಸಾಕು. ಎರಡು ದಿನ ಹಿಡಿಯುವುದು ಉತ್ತರಗಳನ್ನು ಊಹಿಸುವ ಕೆಲಸ. ಅತಿಥಿ ಒಪ್ಪಿಕೊಳ್ಳಬಹುದು, ಅಲ್ಲಗಳೆಯಬಹುದು, ಹಿಂದಿನ ಸರ್ಕಾರದ ಮೇಲೆ ಹಾಕಬಹುದು. ಈ ಮೂರಕ್ಕೂ ಮರುಪ್ರಶ್ನೆ ಬರೆದು, ಪಕ್ಕದಲ್ಲೇ ದಾಖಲೆ ಅಂಟಿಸಿಕೊಳ್ಳುತ್ತೇನೆ: ಸದನದ ನಡಾವಳಿಯ ಪುಟ, ಭಾಷಣದ ದಿನಾಂಕ, ಬಜೆಟ್‌ನ ಅಂಕಿ. ಪತ್ರಿಕೆಯ ತಲೆಬರಹ ನಂಬಿ "ನೀವು ಹೀಗೆ ಹೇಳಿದ್ದಿರಿ" ಅಂದರೆ, "ನಾನು ಹಾಗೆ ಹೇಳೇ ಇಲ್ಲ" ಎಂಬ ಒಂದೇ ಮಾತಿಗೆ ಆ ಭಾಗ ಪೂರ್ತಿ ಬಿದ್ದುಹೋಗುತ್ತದೆ. ಮೂಲ ವಿಡಿಯೊ ನೋಡದೆ ಯಾವ ಹೇಳಿಕೆಯನ್ನೂ ಬಳಸಬಾರದು.

ಒಂದೇ ಉಸಿರಿಗೆ ಎರಡು ಪ್ರಶ್ನೆ ಕೇಳಿದರೆ ಅತಿಥಿ ಸುಲಭದ್ದನ್ನೇ ಎತ್ತಿಕೊಳ್ಳುತ್ತಾರೆ. ಪ್ರಶ್ನೆ ಚಿಕ್ಕದಿರಲಿ, 15 ಸೆಕೆಂಡ್ ದಾಟದಿರಲಿ. ಉತ್ತರ ಬಾರದಿದ್ದರೆ ಪದ ಬದಲಿಸದೆ ಮತ್ತೆ ಅದನ್ನೇ ಕೇಳಬೇಕು. ಪದ ಬದಲಾದರೆ ಹೊಸ ಪದವನ್ನೇ ಹಿಡಿದು ಜಾರಿಕೊಳ್ಳುತ್ತಾರೆ. 1997ರಲ್ಲಿ ಬಿಬಿಸಿಯ 'ನ್ಯೂಸ್‌ನೈಟ್'ನಲ್ಲಿ ಜೆರೆಮಿ ಪ್ಯಾಕ್ಸ್‌ಮನ್ ಮಾಜಿ ಗೃಹ ಸಚಿವ ಮೈಕೆಲ್ ಹೋವರ್ಡ್ ಅವರನ್ನು ಒಂದೇ ಪ್ರಶ್ನೆಯಿಂದ ಮತ್ತೆ ಮತ್ತೆ ಕೆಣಕಿದ್ದು ಈಗಲೂ ನೆನಪಿನಲ್ಲಿರುವುದು ಇದೇ ಕಾರಣಕ್ಕೆ. ನನ್ನ ಮಟ್ಟಿಗೆ ಮೂರು ಸಲ ಸಾಕು. ಆಮೇಲೆ "ಉತ್ತರ ಬರಲಿಲ್ಲ" ಎಂದು ಶಾಂತವಾಗಿ ಹೇಳಿ ಮುಂದೆ ಹೋಗುತ್ತೇನೆ. ಮಧ್ಯೆ ತಡೆಯಬೇಕಾದರೆ ಮೊದಲ 20 ಸೆಕೆಂಡ್ ಬಿಟ್ಟು, ಅವರು ಉಸಿರು ತೆಗೆದುಕೊಳ್ಳುವಾಗ ತಡೆಯಬೇಕು. ಮಾತಿನ ಮೇಲೆ ಮಾತು ಬಿದ್ದರೆ ನೋಡುಗರಿಗೆ ಎರಡೂ ಕೇಳಿಸುವುದಿಲ್ಲ, ಎಡಿಟಿಂಗ್‌ನಲ್ಲಿ ಬಿಡಿಸಲೂ ಬರುವುದಿಲ್ಲ.

ವಿಷಯ ಮೊದಲೇ ತಿಳಿಸುತ್ತೇನೆ, ಪ್ರಶ್ನೆ ಕೊಡುವುದಿಲ್ಲ. "ಇದನ್ನು ಕೇಳಬೇಡಿ" ಎಂಬ ಷರತ್ತಿಗೂ ಒಪ್ಪುವುದಿಲ್ಲ.

ಮೂರು ಕ್ಯಾಮೆರಾ ಸಾಕು: ಅತಿಥಿಯ ಕ್ಲೋಸ್‌ಅಪ್, ನನ್ನದು, ಇಬ್ಬರೂ ಕಾಣುವ ಶಾಟ್. ನಮ್ಮಿಬ್ಬರನ್ನು ಸೇರಿಸುವ ಗೆರೆಯೊಂದನ್ನು ಊಹಿಸಿಕೊಂಡರೆ ಮೂರೂ ಅದರ ಒಂದೇ ಬದಿಯಲ್ಲಿರಬೇಕು, ಇಲ್ಲವಾದರೆ ಪರದೆಯ ಮೇಲೆ ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂತಂತೆ ಕಾಣುತ್ತದೆ. ಅತಿಥಿಗೆ ಎರಡು ಕಾಲರ್ ಮೈಕ್ ಹಾಕಿಸಿ. ಶಾಲು ಉಜ್ಜಿ ಒಂದು ಹಾಳಾದರೂ ಇನ್ನೊಂದು ಉಳಿಯುತ್ತದೆ.

ವಾರದ ಕಾರ್ಯಕ್ರಮಕ್ಕೆ ದೊಡ್ಡ ಅಪಾಯ ಹಳಸುವಿಕೆ. ಗುರುವಾರ ರೆಕಾರ್ಡ್ ಆಗಿ ಭಾನುವಾರ ಪ್ರಸಾರವಾದರೆ, ನಡುವೆ ಅತಿಥಿಯ ರಾಜೀನಾಮೆಯೇ ಬಂದಿರಬಹುದು. ಅದಕ್ಕೇ ಪೀಠಿಕೆಯನ್ನು ಕೊನೆಯ ದಿನ ಚಿತ್ರಿಸುತ್ತೇವೆ, ರೆಕಾರ್ಡ್ ಆದ ದಿನಾಂಕವನ್ನು ಪರದೆಯ ಮೇಲೆ ಹಾಕುತ್ತೇವೆ. ಕತ್ತರಿಸುವಾಗ "ಆದರೆ", "ಒಂದು ವೇಳೆ" ಎಂಬ ಪದಗಳ ಸುತ್ತ ಎಚ್ಚರ ಬೇಕು: ಷರತ್ತು ಬಿದ್ದುಹೋಗಿ ಹೇಳಿಕೆ ಮಾತ್ರ ಉಳಿದರೆ ಅದು ಅವರ ಮಾತಲ್ಲ. ಕತ್ತರಿಸದ ಪೂರ್ತಿ ರೆಕಾರ್ಡಿಂಗನ್ನು ಬೇರೆಯಾಗಿ ತೆಗೆದಿಡಬೇಕು.